ಜರ್ಮನಿಯ ಬುನಾದಿ ವರ್ಷ ಮತ್ತು ನಮ್ಮ ಬೋಧನಾಭ್ಯಾಸ

ಕಳೆದ ನವೆಂಬರಿನಲ್ಲಿ ನಮ್ಮ ಬೋಧನಾಭ್ಯಾಸದ ಎರಡನೆಯ ವಾರ ನಡೆಯುತ್ತಿತ್ತು. ಚಿಕ್ಕಮ್ಮ ಫೋನ್ ಮಾಡಿ ಸಂತೋಷದಿಂದ ಒಂದು ಸುದ್ದಿ ಹೇಳಿದರು. ಜರ್ಮನಿಗೆ ಹೋಗಿರುವ ಅವರ ಮಗನಿಗೆ ಮೊದಲ ಗಣಿತ ಪರೀಕ್ಷೆಯಲ್ಲಿ ನಾಲ್ಕು ಬಂದಿದೆಯಂತೆ. ಐದಕ್ಕೆ ನಾಲ್ಕು ಎಂದರೆ ನೂರಕ್ಕೆ ಎಂಬತ್ತಾಯಿತಲ್ಲ ಎಂಬುದು ಅವರ ಲೆಕ್ಕ. ರಾತ್ರಿ ಅವನೇ ಫೋನ್ ಮಾಡಿದ. "ಅಕ್ಕಾ, ಅಮ್ಮಂಗೆ ಹೇಳ್ಬೇಡ. ಇಲ್ಲಿ ಒಂದು ಬಂದ್ರೆ ಎಲ್ಲಕ್ಕಿಂತ ಚೆನ್ನಾಗಿ ಮಾಡಿದ ಹಾಗೆ. ನಾಲ್ಕು ಅಂದ್ರೆ ಜಸ್ಟ್ ಪಾಸು. ಪಿಯುಸೀಲಿ ಗಣಿತಕ್ಕೆ ತೊಂಬತ್ತಾರು ತಗೊಂಡೋನು ನಾನು. ನಂಗೆ ಗಣಿತ ಬರೋದೇ ಇಲ್ವೇನೋ ಅನ್ಸ್ತಿದೆ."

ಉತ್ತರ ಪತ್ರಿಕೆಯ ಫೋಟೊ ಕಳಿಸು ಎಂದೆ. ಪ್ರಶ್ನೆಗಳು ನಮ್ಮ ದ್ವಿತೀಯ ಪಿಯುಸಿಗಿಂತ ಕಷ್ಟದವಲ್ಲ. ಎಕ್ಸ್‌ನ ಘನದಿಂದ ಮೂರು ಎಕ್ಸ್ ಕಳೆದರೆ ಸಿಗುವ ಫಂಕ್ಷನ್ನಿನ ವಕ್ರರೇಖೆಯನ್ನು ಪರಿಶೀಲಿಸಬೇಕಿತ್ತು. ಗರಿಷ್ಠ ಬಿಂದು, ಕನಿಷ್ಠ ಬಿಂದು ಎರಡನ್ನೂ ಅವನು ಸರಿಯಾಗಿಯೇ ಕಂಡುಹಿಡಿದಿದ್ದ. ಎಕ್ಸ್ ಮೈನಸ್ ಒಂದಾದಾಗ ಬೆಲೆ ಎರಡು, ಎಕ್ಸ್ ಒಂದಾದಾಗ ಮೈನಸ್ ಎರಡು. ಆದರೂ ಅಂಕ ಹೋಗಿತ್ತು. ರೇಖೆಗೆ ಮೂಲಬಿಂದುವಿನ ಸುತ್ತ ಸಮಮಿತಿ ಇದೆ ಎಂದು "ತೋರಿಸಿ" ಎಂಬ ಕಡೆ, ಎಕ್ಸ್‌ಗೆ 1 ಮತ್ತು 2, ಆಮೇಲೆ ಮೈನಸ್ 1 ಮತ್ತು ಮೈನಸ್ 2 ಹಾಕಿ ತಾಳೆ ನೋಡಿ ಮುಗಿಸಿದ್ದ. "ಕಾರಣ ಕೊಡಿ" ಎಂಬ ಕಡೆ ಉತ್ತರ ಮಾತ್ರ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ಅಂಚಿನಲ್ಲಿ ಅಧ್ಯಾಪಕಿ ಕೆಂಪು ಶಾಯಿಯಲ್ಲಿ ಒಂದೇ ಪದ ಬರೆದಿದ್ದರು. ಅದರ ಅರ್ಥ "ಏಕೆ?" ಎಂದಂತೆ.

ಅವನಿಗೆ ಗಣಿತ ಬರುತ್ತದೆ. ಗಣಿತವನ್ನು ಅಲ್ಲಿ ಕೇಳುವ ರೀತಿ, ಬರೆಯುವ ರೀತಿ ಬರುವುದಿಲ್ಲ. ಅದನ್ನು ಕಲಿಸುವುದಕ್ಕೆಂದೇ ಆ ದೇಶದಲ್ಲಿ ಒಂದು ಇಡೀ ವರ್ಷ ಮೀಸಲಿಟ್ಟಿದ್ದಾರೆ. ನಮ್ಮಲ್ಲಿ ಹಲವರು ಆ ವರ್ಷವನ್ನು ದಡ್ಡರ ವರ್ಷ, ಕಳೆದುಹೋದ ವರ್ಷ ಎಂದು ಮಾತಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ನಡೆಯುವುದು ವಿಷಯ ಶಿಕ್ಷಕರು ಮಾಡಲೇಬೇಕಾದ ಕೆಲಸ. ಅದೇ ಕೆಲಸವನ್ನು ಬಿ.ಇಡಿ.ಯಲ್ಲಿ ನಾವು ಅಭ್ಯಾಸ ಮಾಡುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಬುನಾದಿ ವರ್ಷ ಎಂದರೇನು?

ಜರ್ಮನಿಯಲ್ಲಿ ಶಾಲೆ ಮುಗಿಸುವ ಅಬಿಟೂರ್ ಪರೀಕ್ಷೆಯೇ ವಿಶ್ವವಿದ್ಯಾಲಯದ ಬಾಗಿಲು. ಹೊರದೇಶದ ಶಾಲಾ ಪ್ರಮಾಣಪತ್ರವನ್ನು ಅದಕ್ಕೆ ಸಮ ಎಂದು ಒಪ್ಪದಿದ್ದರೆ ವಿದ್ಯಾರ್ಥಿ ಮೊದಲು ಶ್ಟೂಡಿಯೆನ್‌ಕೊಲೆಗ್ ಎಂಬ ಪೂರ್ವಸಿದ್ಧತಾ ಕಾಲೇಜಿಗೆ ಸೇರಬೇಕು. ನಮ್ಮ ದೇಶದಿಂದ ಹೋಗುವವರಲ್ಲಿ ಜೆಇಇ ಅಡ್ವಾನ್ಸ್‌ಡ್ ಪಾಸಾದವರಿಗೆ, ಇಲ್ಲಿ ಪದವಿಯ ಒಂದು ವರ್ಷ ಮುಗಿಸಿ ಅದೇ ವಿಷಯಕ್ಕೆ ಸೇರುವವರಿಗೆ ನೇರ ದಾರಿಯಿದೆ. ಬರಿಯ 12ನೆಯ ತರಗತಿ ಮುಗಿಸಿದ ನನ್ನ ತಮ್ಮನಂಥವರಿಗೆ ಈ ವರ್ಷವೇ ದಾರಿ.

ಕೋರ್ಸು ಸಾಮಾನ್ಯವಾಗಿ ಎರಡು ಸೆಮಿಸ್ಟರ್. ಎಂಜಿನಿಯರಿಂಗ್, ಗಣಿತ, ಭೌತವಿಜ್ಞಾನದ ಕಡೆ ಹೋಗುವವರಿಗೆ ಟಿ ಕೋರ್ಸ್. ವೈದ್ಯಕೀಯ, ಜೀವವಿಜ್ಞಾನಕ್ಕೆ ಎಂ ಕೋರ್ಸ್. ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನಕ್ಕೆ ಡಬ್ಲ್ಯು ಕೋರ್ಸ್. ಟಿ ಕೋರ್ಸಿನಲ್ಲಿ ಜರ್ಮನ್ ಭಾಷೆ, ಗಣಿತ, ಭೌತವಿಜ್ಞಾನ, ಜೊತೆಗೆ ರಸಾಯನವಿಜ್ಞಾನ ಅಥವಾ ಕಂಪ್ಯೂಟರ್ ವಿಜ್ಞಾನ ಇರುತ್ತದೆ. ವಾರಕ್ಕೆ 28ರಿಂದ 32 ಗಂಟೆ ಪಾಠ. ಸೇರುವ ಮೊದಲು ಪ್ರವೇಶ ಪರೀಕ್ಷೆ. ಜರ್ಮನ್ ಭಾಷೆ ತಕ್ಕಮಟ್ಟಿಗೆ ಬಂದಿರಬೇಕು, ಟಿ ಕೋರ್ಸಿಗೆ ಗಣಿತವನ್ನೂ ನೋಡುತ್ತಾರೆ. ಕೊನೆಗೆ ಒಂದು ಅರ್ಹತಾ ನಿರ್ಣಯ ಪರೀಕ್ಷೆ. ಅದರಲ್ಲಿ ನಪಾಸಾದರೆ ಇನ್ನೊಂದೇ ಒಂದು ಸಲ ಬರೆಯಬಹುದು.

ಈ ಯೋಚನೆ ಜರ್ಮನಿಯದು ಮಾತ್ರವಲ್ಲ, ಹೊಸದೂ ಅಲ್ಲ. ಆಗಿನ ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹೊರದೇಶದ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುವ ಸಂಸ್ಥೆ 1956ರಲ್ಲಿ ಶುರುವಾಯಿತು. 1961ರಲ್ಲಿ ಅದಕ್ಕೆ ಹೆರ್ಡರ್ ಇನ್‌ಸ್ಟಿಟ್ಯೂಟ್ ಎಂದು ಹೆಸರಿಟ್ಟರು. 1960ರಲ್ಲಿ ಸ್ಥಾಪನೆಯಾದ ಮಾಸ್ಕೋದ ಪೀಪಲ್ಸ್ ಫ್ರೆಂಡ್‌ಶಿಪ್ ವಿಶ್ವವಿದ್ಯಾಲಯದಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದಿಂದ ಬಂದವರು ಮೊದಲು ಪೂರ್ವಸಿದ್ಧತಾ ವಿಭಾಗದಲ್ಲಿ ರಷ್ಯನ್ ಭಾಷೆ ಕಲಿತು ಆಮೇಲೆ ಪದವಿ ತರಗತಿಗೆ ಹೋಗುತ್ತಿದ್ದರು. ಜಪಾನ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪದವಿಗೆ ಹೋಗುವವರು ಸಾಮಾನ್ಯವಾಗಿ ಮೊದಲ ಒಂದು ವರ್ಷ ಜಪಾನಿ ಭಾಷೆ ಮತ್ತು ಮೂಲ ವಿಷಯಗಳನ್ನು ಕಲಿಯುತ್ತಾರೆ. ಇಂಗ್ಲೆಂಡಿನಲ್ಲಿ ಶಾಲೆ 13 ವರ್ಷದ್ದು. ಎ ಲೆವೆಲ್ ಮುಗಿಸಿದವರು ಮೂರು ವರ್ಷದ ಎಂಜಿನಿಯರಿಂಗ್ ಪದವಿಗೆ ಸೇರುತ್ತಾರೆ. 12 ವರ್ಷ ಓದಿ ಬಂದವರಿಗೆ ನಡುವಿನ ಒಂದು ವರ್ಷವನ್ನು ತುಂಬುವುದಕ್ಕೆ ಅಲ್ಲಿ ಫೌಂಡೇಶನ್ ವರ್ಷಗಳಿವೆ. ನಮ್ಮಲ್ಲಿ 12ನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದವರನ್ನು ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ನೇರವಾಗಿಯೂ ಸೇರಿಸಿಕೊಳ್ಳುತ್ತವೆ.

ಒಂದೊಂದು ದೇಶದ್ದು ಒಂದೊಂದು ಕಾರಣ. ಎಲ್ಲರೂ ಒಪ್ಪಿಕೊಂಡಿರುವ ಮಾತು ಒಂದೇ. ಒಂದು ಶಾಲಾ ಪದ್ಧತಿಯಿಂದ ಇನ್ನೊಂದಕ್ಕೆ ದಾಟುವುದಕ್ಕೆ ಸಮಯ ಬೇಕು, ಶಿಕ್ಷಕರೂ ಬೇಕು.

ಆ ತರಗತಿಯಲ್ಲಿ ನಡೆಯುವುದೇನು?

ಆ ರಾತ್ರಿಯ ನಂತರ ನಾನು ತಮ್ಮನಿಗೆ ಪ್ರತಿ ಭಾನುವಾರ ಫೋನ್ ಮಾಡಿ ಅಲ್ಲಿನ ಪಾಠಗಳ ಬಗ್ಗೆ ಕೇಳತೊಡಗಿದೆ. ಅವನಿಗೆ ಬೇಸರ ಬರುವಷ್ಟು ಕೇಳಿದ್ದೇನೆ. ಅವನು ಹೇಳಿದ್ದರಲ್ಲಿ ನಮಗೆ ಉಪಯೋಗವಾಗುವ ಕೆಲವು ಸಂಗತಿಗಳಿವೆ.

ಮೊದಲನೆಯದು ಪ್ರಶ್ನೆಯ ಕ್ರಿಯಾಪದಗಳು. ಲೆಕ್ಕ ಹಾಕಿ, ನಿರ್ಧರಿಸಿ, ತೋರಿಸಿ, ಕಾರಣ ಕೊಡಿ, ರೇಖಾಚಿತ್ರ ಬಿಡಿಸಿ, ಹೋಲಿಸಿ. ಜರ್ಮನಿಯ ಶಾಲೆಗಳಲ್ಲಿ ಇವಕ್ಕೆ "ಆಪರೇಟರುಗಳು" ಎಂದೇ ಹೆಸರು. ಪ್ರತಿಯೊಂದಕ್ಕೂ ವಿದ್ಯಾರ್ಥಿ ಏನು ಬರೆದರೆ ಉತ್ತರ ಪೂರ್ಣವಾಗುತ್ತದೆ ಎಂದು ಗೊತ್ತುಪಡಿಸಿ ಪಟ್ಟಿ ಮಾಡಿರುತ್ತಾರೆ. "ತೋರಿಸಿ" ಎಂದರೆ ಒಂದೆರಡು ಬೆಲೆ ಹಾಕಿ ನೋಡಿದರೆ ಸಾಲದು, ಎಲ್ಲ ಬೆಲೆಗಳಿಗೂ ಅನ್ವಯಿಸುವಂತೆ ಸಾಧಿಸಬೇಕು. "ಕಾರಣ ಕೊಡಿ" ಎಂದರೆ ಪೂರ್ಣ ವಾಕ್ಯ ಬೇಕು. ನನ್ನ ತಮ್ಮನ ಅಂಕ ಹೋದದ್ದು ಇಲ್ಲಿಯೇ. ನಮ್ಮ ಗಣಿತ ಪುಸ್ತಕಗಳಲ್ಲೂ "ತಾಳೆ ನೋಡಿ" ಬೇರೆ, "ಸಾಧಿಸಿ" ಬೇರೆ. ಆದರೆ ಆ ವ್ಯತ್ಯಾಸವನ್ನೇ ಒಂದು ಪಾಠವಾಗಿ ಮಾಡಿದವರು ನನಗಂತೂ ಸಿಕ್ಕಿರಲಿಲ್ಲ. ಅವನಿಗೂ ಸಿಕ್ಕಿರಲಿಲ್ಲ.

ಎರಡನೆಯದು ಒಂದೇ ಲೆಕ್ಕವನ್ನು ಕೊನೆಯವರೆಗೆ ಎಳೆಯುವ ಪದ್ಧತಿ. ಒಂದು ಫಂಕ್ಷನ್ ಕೊಟ್ಟರೆ ಅದು ಯಾವ ಬೆಲೆಗಳಿಗೆ ಅನ್ವಯಿಸುತ್ತದೆ, ಸಮಮಿತಿ ಇದೆಯೇ, ಎಲ್ಲಿ ಸೊನ್ನೆಯಾಗುತ್ತದೆ, ಎಲ್ಲಿ ಏರಿ ಎಲ್ಲಿ ಇಳಿಯುತ್ತದೆ, ಬಾಗು ಎಲ್ಲಿ ಬದಲಾಗುತ್ತದೆ ಎಂದೆಲ್ಲ ಕ್ರಮವಾಗಿ ನೋಡಿ, ಕೊನೆಗೆ ಚಿತ್ರ ಬಿಡಿಸಬೇಕು. ಇದಕ್ಕೆ ಅವರು ಇಟ್ಟಿರುವ ಹೆಸರನ್ನು ನಮ್ಮ ಮಾತಿನಲ್ಲಿ ಹೇಳಿದರೆ "ವಕ್ರರೇಖೆಯ ಚರ್ಚೆ". ಈ ತುಣುಕುಗಳೆಲ್ಲ ನಮ್ಮ ಪಿಯುಸಿಯಲ್ಲೂ ಇವೆ. ಬೇರೆ ಬೇರೆ ಅಧ್ಯಾಯಗಳಲ್ಲಿ, ಬೇರೆ ಬೇರೆ ಅಂಕದ ಪ್ರಶ್ನೆಗಳಾಗಿ ಚದುರಿಕೊಂಡಿವೆ.

ಮೂರನೆಯದು ತೀರ ಸಣ್ಣ ವಿಷಯ ಎನ್ನಿಸುವಂಥದ್ದು. ಜರ್ಮನ್ನಿನಲ್ಲಿ 35 ಎನ್ನಲು "ಐದು ಮತ್ತು ಮೂವತ್ತು" ಎನ್ನುತ್ತಾರೆ. ನಾವು ಮೂವತ್ತೈದು ಎಂದು ಹತ್ತರ ಸ್ಥಾನವನ್ನು ಮೊದಲು ಹೇಳುತ್ತೇವೆ. ಅಧ್ಯಾಪಕರು ಬಾಯಲ್ಲಿ 35 ಎಂದು ಹೇಳಿದಾಗ ಇವನು 53 ಎಂದು ಬರೆದು ಮುಂದಿನ ಲೆಕ್ಕವೆಲ್ಲ ತಪ್ಪಿದ್ದುಂಟು. ದಶಮಾಂಶಕ್ಕೆ ಅಲ್ಲಿ ಚುಕ್ಕಿ ಇಲ್ಲ, ಅಲ್ಪವಿರಾಮ. ಸಾವಿರಗಳನ್ನು ಬೇರ್ಪಡಿಸಲು ಚುಕ್ಕಿ ಇಡುವುದೂ ಉಂಟು. ಹಾಗಾಗಿ ನಾವು ಒಂದೂವರೆ ಎಂದು ಓದುವುದು ಅವರಿಗೆ ಸಾವಿರದ ಐನೂರು ಆಗಿರಬಹುದು.

ನಾಲ್ಕನೆಯದು ವಿಜ್ಞಾನದ ಪದಗಳು. ಭೌತವಿಜ್ಞಾನದ "ಕೆಲಸ"ಕ್ಕೆ ಜರ್ಮನ್ನಿನಲ್ಲಿ ಆರ್ಬೈಟ್ ಎಂಬ ಪದ. ಮನೆಯ ದುಡಿಮೆಗೂ ಅದೇ ಪದ, ಶಾಲೆಯ ಕಿರುಪರೀಕ್ಷೆಗೂ ಅದೇ ಪದವನ್ನು ಸೇರಿಸಿ ಹೇಳುತ್ತಾರೆ. "ಸಾಮರ್ಥ್ಯ"ಕ್ಕೆ ಲೈಸ್ಟುಂಗ್ ಎನ್ನುತ್ತಾರೆ. ವಿದ್ಯಾರ್ಥಿಯ ಸಾಧನೆಗೂ ಅದೇ ಪದ. ಭಾಷಾ ತರಗತಿಯಲ್ಲಿ ದಿನಬಳಕೆಯ ಅರ್ಥ ಕಲಿತು ಭೌತವಿಜ್ಞಾನದ ತರಗತಿಗೆ ಬಂದವನಿಗೆ ಗೊಂದಲ ಆಗಿಯೇ ಆಗುತ್ತದೆ. ಅದನ್ನು ಬಿಡಿಸುವುದು ಭಾಷಾ ಶಿಕ್ಷಕರಿಂದ ಆಗುವ ಕೆಲಸವಲ್ಲ. ಅಲ್ಲಿ ಅದನ್ನು ಬಿಡಿಸಿಕೊಟ್ಟದ್ದು ಭೌತವಿಜ್ಞಾನದ ಅಧ್ಯಾಪಕರೇ.

ನನ್ನ ತರಗತಿಯಲ್ಲಿ ಆದದ್ದು

ಅದೇ ನವೆಂಬರಿನಲ್ಲಿ ನಾನು ಒಂದು ಪ್ರೌಢಶಾಲೆಯ 9ನೆಯ ತರಗತಿಯ ಇಂಗ್ಲಿಷ್ ಮಾಧ್ಯಮ ವಿಭಾಗಕ್ಕೆ ಚಲನೆಯ ಪಾಠ ಮಾಡುತ್ತಿದ್ದೆ. ಮಕ್ಕಳಲ್ಲಿ ಬಹುಪಾಲು ಜನ 7ನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಇಳಿಜಾರು ಹಲಗೆ, ಗೋಲಿ, ಮೊಬೈಲಿನ ಸ್ಟಾಪ್‌ವಾಚ್, ಎಲ್ಲ ಕಲಿಕೋಪಕರಣಗಳೂ ಇದ್ದವು. ಕನ್ನಡದಲ್ಲಿ ಮಾತಾಡಿಸಿದಾಗ ತರಗತಿ ಚುರುಕಾಗಿತ್ತು. ಕೊನೆಗೆ ಕಪ್ಪುಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಲೆಕ್ಕ ಬರೆದೆ: ಒಂದು ಸ್ಕೂಟರು ರೆಸ್ಟ್‌ನಿಂದ ಹೊರಟು 5 ಸೆಕೆಂಡಿನಲ್ಲಿ ಸೆಕೆಂಡಿಗೆ 10 ಮೀಟರ್ ವೇಗ ಪಡೆದರೆ ಅದರ ವೇಗೋತ್ಕರ್ಷ ಎಷ್ಟು?

ಮೂರನೆಯ ಬೆಂಚಿನ ಒಬ್ಬ ಹುಡುಗ ಕೈ ಎತ್ತಿದ. ಹಲಗೆಯ ಮೇಲೆ ಗೋಲಿ ಬಿಟ್ಟಾಗ "ಕೆಳಗೆ ಹೋಗ್ತಾ ಹೋಗ್ತಾ ಜೋರಾಗ್ತದೆ ಮಿಸ್" ಎಂದು ಎಲ್ಲರಿಗಿಂತ ಮೊದಲು ಹೇಳಿದ್ದವನು ಅವನೇ. "ಮಿಸ್, ರೆಸ್ಟು ಎಷ್ಟು ಹೊತ್ತು ತಗೊಂತು ಅಂತ ಕೊಟ್ಟಿಲ್ಲ" ಎಂದ.

ನಾನು ನಕ್ಕೆ. ನಾನು ನಕ್ಕದ್ದನ್ನು ನೋಡಿ ತರಗತಿ ನಕ್ಕಿತು. ಹುಡುಗ ಕೂತ. ಉಳಿದ ಎರಡು ವಾರ ಅವನು ಕೈ ಎತ್ತಲಿಲ್ಲ.

ಅವನ ಪ್ರಶ್ನೆಯಲ್ಲಿ ತಪ್ಪೇನಿತ್ತು? ರೆಸ್ಟ್ ಎಂದರೆ ವಿಶ್ರಾಂತಿ ಎಂಬುದು ಅವನಿಗೆ ಗೊತ್ತಿರುವ ಅರ್ಥ. ಲೆಕ್ಕದಲ್ಲಿ ಬೇರೆಲ್ಲ ಕಾಲವನ್ನೂ ಕೊಟ್ಟು ಇದೊಂದನ್ನು ಕೊಡದಿದ್ದರೆ ಕೇಳಬೇಕಾದ್ದೇ. ಆ ಪದಕ್ಕೆ ಭೌತವಿಜ್ಞಾನದಲ್ಲಿ "ಆರಂಭಿಕ ವೇಗ ಸೊನ್ನೆ" ಎಂಬ ಅರ್ಥವಿದೆ ಎಂದು ನಾನು ಹೇಳಿರಲೇ ಇಲ್ಲ. ನನ್ನ ಪಾಠಯೋಜನೆಯಲ್ಲಿ ಪೂರ್ವಜ್ಞಾನ ಎಂಬ ಕಡೆ "ವಿದ್ಯಾರ್ಥಿಗಳು ಜವ, ವೇಗದ ಬಗ್ಗೆ ತಿಳಿದಿದ್ದಾರೆ" ಎಂದು ಬರೆದಿದ್ದೆ. ಅವರು ಯಾವ ಭಾಷೆಯಲ್ಲಿ ತಿಳಿದಿದ್ದಾರೆ ಎಂದು ಬರೆಯುವ ಜಾಗ ಪಾಠಯೋಜನೆಯ ನಮೂನೆಯಲ್ಲಿ ಇರಲಿಲ್ಲ. ನನಗೂ ಹೊಳೆಯಲಿಲ್ಲ. ಪಾಠದ ನಂತರ ನಮ್ಮ ಮಾರ್ಗದರ್ಶಕ ಮೇಡಂ ವೀಕ್ಷಣಾ ಪುಸ್ತಕದಲ್ಲಿ "ಕಲಿಕೋಪಕರಣ ಉತ್ತಮ, ಕಪ್ಪುಹಲಗೆ ಬಳಕೆ ಉತ್ತಮ" ಎಂದು ಬರೆದರು. ಅವರು ಬರೆದದ್ದು ಸರಿ. ಅವರು ನೋಡಬೇಕಾದ ಅಂಶಗಳ ಪಟ್ಟಿಯಲ್ಲಿ ಭಾಷೆಯ ಈ ವಿಷಯ ಇರಲಿಲ್ಲ.

ಮೂರು ದಿನದ ಹಿಂದೆ ತಮ್ಮನ ಉತ್ತರ ಪತ್ರಿಕೆ ನೋಡಿ "ಪಾಪ, ಹುಡುಗನಿಗೆ ಗಣಿತ ಬರುತ್ತೆ, ಭಾಷೆ ಬರಲ್ಲ" ಎಂದು ಮರುಗಿದ್ದವಳು ನಾನು. ನನ್ನದೇ ತರಗತಿಯಲ್ಲಿ ಅದೇ ಸಮಸ್ಯೆ ಕೈ ಎತ್ತಿದಾಗ ನಕ್ಕೆ. ಈ ಲೇಖನ ಬರೆಯಲು ಇದೇ ಕಾರಣ.

ಇನ್ನೊಂದು ಮಾತನ್ನೂ ಹೇಳಬೇಕು. ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ವಿಜ್ಞಾನ ತೆಗೆದುಕೊಂಡು ಪ್ರಥಮ ಪಿಯುಸಿಗೆ ಸೇರಿದಾಗ ಪಾಠವೆಲ್ಲ ಇಂಗ್ಲಿಷಿನಲ್ಲಿತ್ತು. ಆ ವರ್ಷ ಭೌತವಿಜ್ಞಾನದಲ್ಲಿ ಫೇಲಾದೆ. ಮನೆಯಲ್ಲಿ ಕೂತು, ಅಂಗಡಿಯೊಂದರಲ್ಲಿ ಲೆಕ್ಕ ಬರೆದು, ಎರಡು ವರ್ಷದ ನಂತರ ಮತ್ತೆ ಸೇರಿದೆ. ನನ್ನ ಸಹಪಾಠಿಗಳಿಗಿಂತ ನಾನು ದೊಡ್ಡವಳಾಗಿರುವುದು ಅದಕ್ಕೇ. ಸಂವೇಗ, ಜಡತ್ವ ಎಲ್ಲ ನನಗೆ ಗೊತ್ತಿತ್ತು. ಮೊಮೆಂಟಮ್, ಇನರ್ಷಿಯಾ ಎಂಬ ಹೆಸರಿನಲ್ಲಿ ಅವು ಎದುರು ಬಂದಾಗ ಗುರುತು ಹತ್ತಲಿಲ್ಲ. ನನಗೆ ಬುನಾದಿ ವರ್ಷ ಸಿಗಲಿಲ್ಲ, ಫೇಲಾದ ವರ್ಷ ಸಿಕ್ಕಿತು. ಎರಡಕ್ಕೂ ಹಿಡಿಯುವ ಕಾಲ ಒಂದೇ. ಬುನಾದಿ ವರ್ಷದಲ್ಲಿ ಶಿಕ್ಷಕರು ಇರುತ್ತಾರೆ.

ಆಕ್ಷೇಪಗಳು

ಬುನಾದಿ ವರ್ಷದಲ್ಲಿ ದೋಷವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಈ ವಿಷಯ ಎತ್ತಿದಾಗ ಸಹಪಾಠಿಗಳು ಕೇಳಿದ ಮೂರು ಪ್ರಶ್ನೆಗಳಲ್ಲೂ ಹುರುಳಿದೆ.

ಒಂದು, ಖರ್ಚು. ಜರ್ಮನಿಯ ಸರ್ಕಾರಿ ಶ್ಟೂಡಿಯೆನ್‌ಕೊಲೆಗ್‌ಗಳಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರಿನ ಸಣ್ಣ ವಂತಿಗೆ ಮಾತ್ರ. ಆದರೆ ಅಲ್ಲಿ ಬದುಕುವ ಖರ್ಚು ದೊಡ್ಡದು. ವಿದ್ಯಾರ್ಥಿ ವೀಸಾ ಪಡೆಯಲು ತಿಂಗಳಿಗೆ 992 ಯೂರೋನಂತೆ ವರ್ಷಕ್ಕೆ 11,904 ಯೂರೋ ಹಣವನ್ನು ಮೊದಲೇ ಖಾತೆಯಲ್ಲಿ ತೋರಿಸಬೇಕು ಎಂಬ ನಿಯಮ 2024ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಚಿಕ್ಕಮ್ಮನ ಮನೆಯವರು ಇದಕ್ಕಾಗಿ ಅಡಿಕೆ ತೋಟದ ಮೇಲೆ ಸಾಲ ಮಾಡಿದ್ದಾರೆ. ಒಂದು ವರ್ಷ ಹೆಚ್ಚು ಎಂದರೆ ಒಂದು ವರ್ಷದ ಸಾಲ ಹೆಚ್ಚು. ಪರೀಕ್ಷೆಗೆ ಎರಡೇ ಅವಕಾಶ ಎಂಬ ನಿಯಮದ ಭಾರ ಅವನ ಮೇಲೆ ಮಾತ್ರವಲ್ಲ, ಮನೆಯವರ ಮೇಲೂ ಇದೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಿದ್ಧತೆಯಿಲ್ಲದೆ ನೇರವಾಗಿ ಎಂಜಿನಿಯರಿಂಗ್ ತರಗತಿಗೆ ಹೋಗಿ ಮೊದಲ ವರ್ಷವೇ ಕೈಬಿಟ್ಟರೆ ಆ ಸಾಲ ಇನ್ನೂ ಭಾರ.

ಎರಡು, ವ್ಯಾಪಾರ. ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳಿಗೆ ಫೌಂಡೇಶನ್ ವರ್ಷವನ್ನು ಖಾಸಗಿ ಕಂಪನಿಗಳು ನಡೆಸಿಕೊಡುತ್ತವೆ. ಹೊರದೇಶದವರಿಂದ ದೊಡ್ಡ ಶುಲ್ಕ ತೆಗೆದುಕೊಳ್ಳುತ್ತವೆ. ವಿದ್ಯಾರ್ಥಿಯನ್ನು ಹುಡುಕುವವರು, ಕಲಿಸುವವರು, ಪಾಸು ಮಾಡುವವರು ಎಲ್ಲರೂ ಒಂದೇ ಆದಾಗ ವಿದ್ಯಾರ್ಥಿಗೆ ಆ ವರ್ಷ ನಿಜವಾಗಿ ಬೇಕಿತ್ತೇ ಎಂದು ಕೇಳುವವರು ಯಾರು? ಜರ್ಮನಿಯಲ್ಲೂ ನಾರ್ತ್ ರೈನ್ ವೆಸ್ಟ್‌ಫಾಲಿಯಾ ರಾಜ್ಯ ತನ್ನ ಸರ್ಕಾರಿ ಪೂರ್ವಸಿದ್ಧತಾ ಕಾಲೇಜುಗಳನ್ನು ಮುಚ್ಚಿಬಿಟ್ಟಿದೆ. ಖಾಸಗಿಯವು ಅಲ್ಲೂ ಇವೆ. ಮಾನ್ಯತೆ ಇಲ್ಲದ ಕಡೆ ಓದಿದವರು ಅಂತಿಮ ಪರೀಕ್ಷೆಯನ್ನು ಬೇರೆ ಕಡೆ ಹೋಗಿ ಹೊರಗಿನ ಅಭ್ಯರ್ಥಿಯಾಗಿ ಬರೆಯಬೇಕಾಗುತ್ತದೆ. ಆದ್ದರಿಂದ ನಮ್ಮ ಊರಿನ ಮಕ್ಕಳು ಸಲಹೆ ಕೇಳಿ ಬಂದಾಗ "ಫೌಂಡೇಶನ್ ಒಳ್ಳೆಯದು" ಎಂದಷ್ಟೇ ಹೇಳಿದರೆ ಸಾಲದು. ನಡೆಸುವವರು ಯಾರು, ಪರೀಕ್ಷೆ ಮಾಡುವವರು ಯಾರು, ಆ ಪ್ರಮಾಣಪತ್ರ ಎಷ್ಟು ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತದೆ ಎಂದು ಮೂರು ಪ್ರಶ್ನೆ ಕೇಳಲು ಅವರಿಗೆ ಕಲಿಸಬೇಕು.

ಮೂರು, ಅವಮಾನ. "ನಿಮ್ಮ ಹನ್ನೆರಡು ವರ್ಷ ನಮ್ಮ ಶಾಲೆಗೆ ಸಮವಲ್ಲ" ಎಂದು ಹೇಳಿದಂತಾಗುವುದಿಲ್ಲವೇ? ತಮ್ಮನ ತರಗತಿಯಲ್ಲಿ ಅಧ್ಯಾಪಕರಿಗಿಂತ ವೇಗವಾಗಿ ಅವಕಲನದ ಲೆಕ್ಕ ಬಿಡಿಸುವವರು ಇದ್ದಾರಂತೆ. ಅವರಿಗೆ ಅರ್ಧ ಪಾಠ ಬೇಸರ. ಈ ಆಕ್ಷೇಪ ನನಗೆ ಎಲ್ಲಕ್ಕಿಂತ ಗಟ್ಟಿ ಎನ್ನಿಸುತ್ತದೆ. ಮಗುವಿಗೆ ಏನು ಬರುತ್ತದೆ ಎಂದು ನೋಡದೆ ಎಲ್ಲರಿಗೂ ಮೊದಲಿನಿಂದ ಕಲಿಸಿದರೆ ಅದು ಬುನಾದಿಯಾಗುವುದಿಲ್ಲ, ಪುನರಾವರ್ತನೆಯಾಗುತ್ತದೆ. ಒಳ್ಳೆಯ ಬುನಾದಿ ವರ್ಷ ನೈದಾನಿಕ ಪರೀಕ್ಷೆಯಿಂದ ಶುರುವಾಗಬೇಕು. ಆ ಪರೀಕ್ಷೆ, ಕೊರತೆ ಇರುವುದು ವಿಷಯದಲ್ಲೋ ಭಾಷೆಯಲ್ಲೋ ಎಂದು ಬೇರ್ಪಡಿಸಿ ತೋರಿಸಬೇಕು.

ನಾವು ಮಾಡಬಹುದಾದದ್ದು

ನಮ್ಮ ರಾಜ್ಯದ ಶಾಲೆಗಳಲ್ಲಿ ಈ ಯೋಚನೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಶೈಕ್ಷಣಿಕ ವರ್ಷದ ಆರಂಭದಲ್ಲಿ ಸೇತುಬಂಧ ನಡೆಯುತ್ತದೆ. ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ, ಸಾಫಲ್ಯ ಪರೀಕ್ಷೆ ಎಂಬ ಮೂರು ಹಂತಗಳು ನಮಗೆಲ್ಲ ಗೊತ್ತು. ಕ್ರಮ ಸರಿಯಾಗಿಯೇ ಇದೆ. ಆದರೆ ಅದು ಹಿಂದಿನ ತರಗತಿಯ ವಿಷಯ ಮರೆತಿದ್ದಾರೆಯೇ ಎಂದು ನೋಡುತ್ತದೆ. ಗೊತ್ತಿರುವ ವಿಷಯವನ್ನು ಹೊಸ ಭಾಷೆಯಲ್ಲಿ ಗುರುತಿಸುತ್ತಾರೆಯೇ ಎಂದು ಸಾಮಾನ್ಯವಾಗಿ ನೋಡುವುದಿಲ್ಲ. ಮಾಧ್ಯಮ ಬದಲಾಗುವ ತರಗತಿಗಳಲ್ಲಿ, ಅದರಲ್ಲೂ ಪ್ರಥಮ ಪಿಯುಸಿ ವಿಜ್ಞಾನದಲ್ಲಿ, ಎರಡನೆಯದೇ ದೊಡ್ಡ ತೊಡಕು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹೊರದೇಶದಲ್ಲಿ ಸಾಲದ ಹಣದಲ್ಲಿ ಕಲಿಯುವ "ಏಕೆ?" ಎಂಬ ಪದವನ್ನು ಹದಿನಾಲ್ಕನೆಯ ವಯಸ್ಸಿನಲ್ಲಿ ನಮ್ಮೂರಿನ ಶಾಲೆಯಲ್ಲೇ ಕಲಿಯಬಹುದು.

ಒಂದು ವರ್ಷ ಕೊಡುವುದು ನಮ್ಮ ಕೈಯಲ್ಲಿಲ್ಲ. ಪ್ರಶಿಕ್ಷಣಾರ್ಥಿಗಳಾಗಿ ನಮ್ಮ ಕೈಯಲ್ಲಿ ಇರುವುದು ಒಂದು ಅವಧಿ, ಒಂದು ಪಾಠಯೋಜನೆ. ಅಷ್ಟರಲ್ಲಿ ಆಗುವ ನಾಲ್ಕು ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದು, ಪಾಠಯೋಜನೆಯಲ್ಲಿ ಪೂರ್ವಜ್ಞಾನದ ಪಕ್ಕದಲ್ಲಿ ಇನ್ನೊಂದು ಅಂಕಣ ಇರಲಿ. ಈ ಪಾಠದಲ್ಲಿ ದಿನಬಳಕೆಯ ಅರ್ಥಕ್ಕಿಂತ ಬೇರೆ ಅರ್ಥ ಇರುವ ಪದಗಳು ಯಾವುವು ಎಂದು ಅಲ್ಲಿ ಬರೆಯೋಣ. ರೆಸ್ಟ್, ವರ್ಕ್, ಪವರ್ ಅಲ್ಲಿಗೆ ಬರುತ್ತವೆ. ಕನ್ನಡ ಮಾಧ್ಯಮದ ಪಾಠಕ್ಕೂ ಇದು ಬೇಕು. ಕೆಲಸ, ಬಲ, ಶಕ್ತಿ ಎಂಬ ಪದಗಳಿಗೆ ಮನೆಯಲ್ಲಿ ಇರುವ ಅರ್ಥ ಒಂದು, ಪುಸ್ತಕದಲ್ಲಿ ಇನ್ನೊಂದು. ತಲೆಯ ಮೇಲೆ ಮೂಟೆ ಹೊತ್ತು ನಿಂತವನು "ಕೆಲಸ ಮಾಡಿಲ್ಲ" ಎಂದರೆ ಹಮಾಲಿಯ ಮಗ ಒಪ್ಪುವನೇ? ವೇಗೋತ್ಕರ್ಷ ಎಂಬ ಪದವಂತೂ ಕನ್ನಡದ ಮಗುವಿಗೂ ಹೊಸ ಭಾಷೆಯೇ.

ಎರಡನೆಯದು, ಪ್ರಶ್ನೆಯ ಕ್ರಿಯಾಪದಗಳನ್ನು ಒಂದು ಪಾಠವಾಗಿಯೇ ಮಾಡೋಣ. ವ್ಯಾಖ್ಯಾನಿಸಿ, ವಿವರಿಸಿ, ನಿರೂಪಿಸಿ, ಸಾಧಿಸಿ, ತಾಳೆ ನೋಡಿ, ಸಮರ್ಥಿಸಿ. ಪ್ರತಿಯೊಂದಕ್ಕೂ ಒಂದು ಪೂರ್ಣ ಉತ್ತರ, ಒಂದು ಅರೆ ಉತ್ತರ ತೋರಿಸಿ, ಅರೆ ಉತ್ತರದಲ್ಲಿ ಏನು ಬಿಟ್ಟುಹೋಗಿದೆ ಎಂದು ಮಕ್ಕಳೇ ಹೇಳಲಿ. ಸೂಕ್ಷ್ಮ ಬೋಧನೆಗೆ ಇದು ಚೆನ್ನಾಗಿ ಹೊಂದುತ್ತದೆ.

ಮೂರನೆಯದು, ಘಟಕ ಪರೀಕ್ಷೆಗೆ ಮೊದಲು ಒಂದೇ ಐದು ಪ್ರಶ್ನೆಗಳನ್ನು ಎರಡು ಭಾಷೆಯಲ್ಲಿ ಕೊಡೋಣ. ಬೋಧನಾಭ್ಯಾಸದ ಕೊನೆಯ ವಾರ ನಾನು ಇದನ್ನು ಮಾಡಿ ನೋಡಿದೆ. ಮೊದಲ ದಿನ ಇಂಗ್ಲಿಷಿನಲ್ಲಿ, ಎರಡು ದಿನ ಬಿಟ್ಟು ಅಂಕಿಗಳನ್ನು ಬದಲಿಸಿ ಕನ್ನಡದಲ್ಲಿ. ಮೂರು ಬಗೆಯ ಮಕ್ಕಳು ಸಿಕ್ಕರು. ಎರಡರಲ್ಲೂ ಸರಿ ಮಾಡಿದವರು, ಎರಡರಲ್ಲೂ ತಪ್ಪಿದವರು, ಕನ್ನಡದಲ್ಲಿ ಮಾತ್ರ ಸರಿ ಮಾಡಿದವರು. ಮೂರನೆಯ ಗುಂಪಿನವರನ್ನು ಅಲ್ಲಿಯವರೆಗೆ ನಾನು ಎರಡನೆಯ ಗುಂಪಿಗೆ ಸೇರಿಸಿ "ಹೆಚ್ಚಿನ ಅಭ್ಯಾಸ ಬೇಕು" ಎಂದು ಬರೆಯುತ್ತಿದ್ದೆ. ಅವರಿಗೆ ಬೇಕಾದದ್ದು ಹೆಚ್ಚು ಲೆಕ್ಕವಲ್ಲ, ಏಳೆಂಟು ಪದ ಮತ್ತು ಎರಡು ಮೂರು ವಾಕ್ಯದ ಮಾದರಿ. ರೆಸ್ಟಿನ ಹುಡುಗನೂ ಆ ಗುಂಪಿನಲ್ಲೇ ಇದ್ದ.

ನಾಲ್ಕನೆಯದು ನಮ್ಮ ಉಪನ್ಯಾಸಕರಲ್ಲಿ ವಿನಂತಿ. ಬೋಧನಾಭ್ಯಾಸದಲ್ಲಿ ನಾವು ಮಾಡುವ ಪಾಠಗಳಲ್ಲಿ ಎರಡನ್ನಾದರೂ ಇಂಥ ಬುನಾದಿ ಪಾಠಗಳೆಂದು ಲೆಕ್ಕಕ್ಕೆ ಹಿಡಿಯಬೇಕು. ಹೊಸ ವಿಷಯ ಕಲಿಸದ ಪಾಠಕ್ಕೆ ಅಂಕ ಕೊಡುವುದು ಹೇಗೆ ಎಂದು ಕೇಳಬಹುದು. ಗೊತ್ತಿದ್ದೂ ಬರೆಯಲಾರದ ಮಗು ಪಾಠದ ಕೊನೆಗೆ ಬರೆದರೆ, ಅದಕ್ಕಿಂತ ಸ್ಪಷ್ಟವಾದ ಕಲಿಕಾ ಫಲ ಯಾವುದು? ವೀಕ್ಷಣಾ ಪುಸ್ತಕದಲ್ಲೂ "ವಿಷಯದ ಭಾಷೆಯನ್ನು ಕಲಿಸಿದ ರೀತಿ" ಎಂಬ ಒಂದು ಸಾಲು ಸೇರಿದರೆ ನಾವು ಅದನ್ನು ಮರೆಯುವುದಿಲ್ಲ. ಏಕೆಂದರೆ ಅಂಕ ಇರುವುದನ್ನು ಪ್ರಶಿಕ್ಷಣಾರ್ಥಿ ಮರೆಯುವುದಿಲ್ಲ.

ಇಷ್ಟರಿಂದ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬಿಲ್ಲ. ದೊಡ್ಡ ತರಗತಿ, ಮುಗಿಸಲೇಬೇಕಾದ ಪಠ್ಯ, ಖಾಲಿ ಹುದ್ದೆಗಳು ಎಲ್ಲ ಇವೆ. ಆದರೆ ಭಾಷೆ ಇಂಗ್ಲಿಷ್ ಶಿಕ್ಷಕರ ಹೊಣೆ, ಲೆಕ್ಕ ನನ್ನ ಹೊಣೆ ಎಂದು ಹೇಳಿ ವಿಜ್ಞಾನ ಶಿಕ್ಷಕಿಯಾಗಲು ಸಾಧ್ಯವಿಲ್ಲ ಎಂಬುದು ನನಗೆ ಈಗ ಖಚಿತವಾಗಿದೆ.

ತಮ್ಮನ ಅಂತಿಮ ಪರೀಕ್ಷೆ ಇನ್ನೂ ಆಗಿಲ್ಲ. ಎರಡನೆಯ ಗಣಿತ ಪರೀಕ್ಷೆಯಲ್ಲಿ ಅವನು ಪ್ರತಿ ಉತ್ತರದ ಕೊನೆಗೆ ಒಂದು ಪೂರ್ಣ ವಾಕ್ಯ ಬರೆದನಂತೆ. ವ್ಯಾಕರಣ ತಪ್ಪಿತ್ತು, ಕಾರಣ ಸರಿಯಿತ್ತು, ಅಂಕ ಬಂತು. ಈ ಸಲ ಅಮ್ಮನಿಗೆ ತಾನೇ ಹೇಳುತ್ತೇನೆ ಎಂದ.

ಬೋಧನಾಭ್ಯಾಸದ ಮುಂದಿನ ಹಂತಕ್ಕೆ ನನ್ನನ್ನು ಅದೇ ಶಾಲೆಗೆ ಹಾಕಿ ಎಂದು ಕೇಳಿಕೊಂಡಿದ್ದೇನೆ. ಆ ಹುಡುಗ ಆಗ 10ನೆಯ ತರಗತಿಯಲ್ಲಿರುತ್ತಾನೆ. ರೆಸ್ಟು ಎಷ್ಟು ಹೊತ್ತು ಎಂಬ ಅವನ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.